ಬೀಗದ ಕೈ ಒಂದು ದಿನಕ್ಕೆ ಕೊಡಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಬೀಗ ಬಿದ್ದು ಮೂರು ಮಳೆಗಾಲ ಆಯಿತು. ಕೊನೆಯ ವರ್ಷ ಇದ್ದದ್ದು ನಾಲ್ಕೇ ಮಕ್ಕಳು. ಇಬ್ಬರು ಐದನೇ ತರಗತಿ ಮುಗಿಸಿದರು. ಉಳಿದಿಬ್ಬರು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಹತ್ತಿದರು. ಯಾರನ್ನೂ ದೂರುವುದಿಲ್ಲ, ನನ್ನ ಮಗನೂ ಅದೇ ವ್ಯಾನಿನಲ್ಲಿ ಹೋಗುತ್ತಾನೆ. ಆದರೆ ಆ ಕಟ್ಟಡ ಏನಾಗಬೇಕು ಅಂತ ಇವತ್ತಿನವರೆಗೆ ತೀರ್ಮಾನವೇ ಆಗಿಲ್ಲ.

ಹೋದ ವಾರ ಕಿಟಕಿಯಿಂದ ಇಣುಕಿ ನೋಡಿದೆ. ಪುಟ್ಟ ಮಕ್ಕಳು ಆಡುತ್ತ ಕಲಿಯುತ್ತಿದ್ದ ನಲಿ-ಕಲಿ ಕೋಣೆಯಲ್ಲಿ ಚಪ್ಪರದ ದಾರ ಇನ್ನೂ ಕಟ್ಟಿದ ಹಾಗೇ ಇದೆ. ಬಣ್ಣ ಮಾಸಿದ ಒಂದು ಕಾಗದದ ಮೀನು ನೇತಾಡುತ್ತಿದೆ. ಗೋಡೆಯ ಕೆಳಗಡೆ, ಪುಟ್ಟ ಮಕ್ಕಳ ಕೈಗೆ ಎಟುಕುವ ಕಪ್ಪು ಪಟ್ಟಿಯ ಮೇಲೆ ‘ರ ಗ ಸ ದ ಅ’ ಅಂತ ಯಾವುದೋ ಮಗು ಬರೆದದ್ದು ಅಳಿಸಿಲ್ಲ. ಮೂಲೆಯಲ್ಲಿ ಎರಡು ಹೆಂಚು ಜಾರಿವೆ. ಅದರ ಕೆಳಗಿನ ಗೋಡೆಗೆ ಹಸಿರು ಪಾಚಿ ಹಿಡಿದಿದೆ.

ಹೆಂಚಿನ ಮನೆಯಲ್ಲಿ ಇದ್ದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹೆಂಚು ಜಾರಿದರೆ ನೀರು ಅದರಡಿಯ ಮರದ ಪಟ್ಟಿಗೆ, ಅಂದರೆ ರೀಪಿಗೆ ಇಳಿಯುತ್ತದೆ. ರೀಪು ಕುಂಬಾದರೆ ಪಕ್ಕದ ಹೆಂಚೂ ಜಾರುತ್ತದೆ. ಆಮೇಲೆ ರೀಪು ಹೊತ್ತ ಪಕಾಸಿ, ಆಮೇಲೆ ಗೋಡೆ. ಮಲೆನಾಡಿನ ಮಳೆಗೆ ಇನ್ನೆರಡು ವರ್ಷ ಸಾಕು. ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದರ ಕಡೆ ಕೈ ತೋರಿಸುತ್ತಾರೆ. ಮಕ್ಕಳಿಲ್ಲದ ಶಾಲೆಗೆ ದುರಸ್ತಿ ಹಣ ಇಲ್ಲವಂತೆ.

ಸಮುದಾಯ ಭವನ ಮಾಡಿ ಅನ್ನುವವರು ಊರಲ್ಲಿ ಇದ್ದಾರೆ. ಅಡಿಕೆ ಮೂಟೆ ಇಡಲು ಬಾಡಿಗೆಗೆ ಕೊಡಿ ಅನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆ ಇಲ್ಲ. ನಮ್ಮ ಅಂಗನವಾಡಿ ನಡೆಯುತ್ತಿರುವುದು ಬಾಡಿಗೆಯ ಒಂದೇ ಕೋಣೆಯಲ್ಲಿ. ಅಲ್ಲೇ ಗ್ಯಾಸ್ ಒಲೆ, ಅಲ್ಲೇ ತೂಕದ ಯಂತ್ರ, ಅಲ್ಲೇ ಮಕ್ಕಳ ನಿದ್ದೆ. ಕುಕ್ಕರ್ ಕೂಗಿದರೆ ಮಲಗಿದ ಮಗು ಬೆಚ್ಚಿ ಏಳುತ್ತದೆ. ಕೂಗಳತೆ ದೂರದಲ್ಲೇ ಎರಡು ದೊಡ್ಡ ಕೋಣೆ, ಬಿಸಿಯೂಟದ ಅಡುಗೆಮನೆ, ಬಾವಿ, ಶೌಚಾಲಯ ಎಲ್ಲ ಬೀಗದೊಳಗೆ ಸುಮ್ನೆ ಕೂತಿವೆ! ಒಂದು ಕೋಣೆ ಅಂಗನವಾಡಿಗೆ ಕೊಡಲಿ. ಇನ್ನೊಂದಕ್ಕೆ ಪಂಚಾಯಿತಿಯ ಗ್ರಂಥಾಲಯ, ಅದೇ ಅರಿವು ಕೇಂದ್ರ ಬರಲಿ. ಸಂಜೆ ವ್ಯಾನಿನಿಂದ ಇಳಿದ ಮಕ್ಕಳಿಗೆ ಕೂತು ಓದಲು ಒಂದು ಜಾಗ ಆಗುತ್ತದೆ.

ಶಾಲೆಯ ಹೆಸರು ಮತ್ತು ಜಾಗ ಮಾತ್ರ ಶಿಕ್ಷಣ ಇಲಾಖೆಯಲ್ಲೇ ಇರಬೇಕು. ಅಡಿಕೆ ಕೊಯ್ಲಿಗೆ ಹೊರಗಿಂದ ಬಂದ ಕೆಲವು ಕುಟುಂಬಗಳು ಈಗ ಇಲ್ಲೇ ನೆಲೆ ನಿಂತಿವೆ. ವ್ಯಾನಿನ ಫೀಸು ಕಟ್ಟುವುದು ಅವರಿಂದಾಗದ ಮಾತು. ಹತ್ತಿರದ ಸರ್ಕಾರಿ ಶಾಲೆಗೆ ಹಳ್ಳ ದಾಟಿ 3 ಕಿ.ಮೀ. ನಡೆಯಬೇಕು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ಅದರಡಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕು ಅನ್ನುವುದು ನಮ್ಮ ರಾಜ್ಯದ್ದೇ ನಿಯಮ. ನಾಳೆ ಈ ಮಕ್ಕಳಿಗಾಗಿ ಶಾಲೆ ಮತ್ತೆ ತೆರೆಯಬೇಕಾದರೆ ಜಾಗ ಉಳಿದಿರಬೇಕು ಅಲ್ವಾ?

ಆ ಜಾಗ ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಕೊಟ್ಟದ್ದು. ಅಡಿಪಾಯದ ಕಲ್ಲು ಹೊತ್ತವರಲ್ಲಿ ನಮ್ಮಜ್ಜನೂ ಒಬ್ಬರು. ಪಹಣಿಯಲ್ಲಿ ಈಗ ಯಾರ ಹೆಸರಿದೆ, ದಾನಪತ್ರ ಆಗಿದೆಯೋ ಇಲ್ಲವೋ, ಅದನ್ನು ಮೊದಲು ನೋಡಿ ಸರಿ ಮಾಡಿಸಬೇಕು. ಕೊಟ್ಟವರ ಮೊಮ್ಮಕ್ಕಳು ಇವತ್ತು ಒಳ್ಳೆಯವರೇ. ಆದರೂ ಕಾಗದ ಬೇಕು.

ಇದನ್ನು ಮುಂದಿನ ಗ್ರಾಮಸಭೆಯಲ್ಲೇ, ಅಮ್ಮಂದಿರನ್ನೂ ಕೂರಿಸಿಕೊಂಡು ತೀರ್ಮಾನಿಸಿ ಎಂದು ಕೇಳಿಕೊಳ್ಳುತ್ತೇನೆ. ಅಷ್ಟರೊಳಗೆ ಬೀಗದ ಕೈ ಒಂದೇ ಒಂದು ದಿನದ ಮಟ್ಟಿಗೆ ಕೊಡಿ. ಹೆಂಚು ಹೊಂದಿಸಲು ನಾವು ಹಳೆಯ ವಿದ್ಯಾರ್ಥಿಗಳು ಒಂಬತ್ತು ಜನ ತಯಾರಿದ್ದೇವೆ. ಒಡೆದ ಹೆಂಚಿನ ಬದಲಿಗೆ ಹಾಕಲು ನಮ್ಮ ಕೊಟ್ಟಿಗೆಯಲ್ಲಿ ಐವತ್ತು ಹಳೇ ಹೆಂಚು ಇವೆ, ಏಣಿಯೂ ಇದೆ.

— ಹಳೆಯ ವಿದ್ಯಾರ್ಥಿನಿ, ಶಿವಮೊಗ್ಗ ಜಿಲ್ಲೆ