ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನವಲ್ಲ

ಮಾನ್ಯ ಸಂಪಾದಕರೇ,

ಸಂಕ್ರಾಂತಿಯ ದಿನ ತಮ್ಮ ಪತ್ರಿಕೆಯಲ್ಲಿ, ಅಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆಂದು ಅಚ್ಚಾಗಿತ್ತು. ಪ್ರತಿ ವರ್ಷವೂ ಇದೇ ಮಾತು ಅಚ್ಚಾಗುತ್ತದೆ, ಶಾಲೆಯ ಭಾಷಣಗಳಲ್ಲಿಯೂ ಇದನ್ನೇ ಹೇಳಲಾಗುತ್ತದೆ. ಆದರೆ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಸಂಕ್ರಾಂತಿಯ ಹೊತ್ತಿಗೆ ಅವನು ತಿರುಗಿ ಮೂರು ವಾರಗಳ ಮೇಲಾಗಿರುತ್ತದೆ.

ಇದನ್ನು ಕಣ್ಣಾರೆ ನೋಡಲು ಯಾವ ಯಂತ್ರವೂ ಬೇಕಾಗಿಲ್ಲ. ನಾನು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ, ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನಲ್ಲಿ ನೆರಳು ಅತಿ ಗಿಡ್ಡವಾಗುವ ಹೊತ್ತಿಗೆ ಅದನ್ನು ಮಕ್ಕಳಿಂದಲೇ ಅಳೆಸುತ್ತಿದ್ದೆ. ನಮ್ಮ ಕೋಲಾರ ಸೀಮೆಯಲ್ಲಿ ಆ ನೆರಳು ಡಿಸೆಂಬರ್ 21ರಂದು ಸುಮಾರು 74 ಸೆಂಟಿಮೀಟರ್ ಇರುತ್ತದೆ. ಜನವರಿ 14ರಂದು ಅಳೆದರೆ ಸುಮಾರು 69ಕ್ಕೆ ಇಳಿದಿರುತ್ತದೆ. ಹಬ್ಬದ ದಿನವೇ ಸೂರ್ಯ ತಿರುಗುವುದಾಗಿದ್ದರೆ ಅಂದಿನ ನೆರಳೇ ವರ್ಷದಲ್ಲಿ ಅತಿ ಉದ್ದವಾಗಿರಬೇಕಿತ್ತಲ್ಲವೇ ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು ಇಂದಿಗೂ ನೆನಪಿದೆ.

ಸುಮಾರು 1700 ವರ್ಷಗಳ ಹಿಂದೆ ಈ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷವು ಬುಗುರಿಯಂತೆ ಬಲು ನಿಧಾನವಾಗಿ ಓಲಾಡುವುದರಿಂದ, ನಕ್ಷತ್ರಗಳನ್ನು ನೋಡಿ ಎಣಿಸುವ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾಗುತ್ತದೆ. ನಮ್ಮ ಪಂಚಾಂಗ ಹಿಡಿದಿರುವುದು ನಕ್ಷತ್ರಗಳ ಲೆಕ್ಕವನ್ನು. ಹಾಗಾಗಿ ಸುಮಾರು 70 ವರ್ಷಗಳಿಗೊಮ್ಮೆ ಸಂಕ್ರಾಂತಿ ಒಂದು ದಿನ ಮುಂದಕ್ಕೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು, ಮತ್ತು ಅಂದಿನ ತಾರೀಖು 1863ರ ಜನವರಿ 12. ಹಬ್ಬ ಈಗ 14ಕ್ಕೋ 15ಕ್ಕೋ ಬರುತ್ತಿರುವುದಕ್ಕೆ ಪಂಚಾಂಗದವರ ತಪ್ಪು ಕಾರಣವೆಂದು ಮೊಬೈಲಿನಲ್ಲಿ ವಾದ ಮಾಡುವವರು ಈ ಒಂದು ತಾರೀಖನ್ನು ನೋಡಿದರೆ ಸಾಕು.

ಹಬ್ಬವನ್ನು ಋತುವಿಗೆ ಕಟ್ಟುವ ಈ ತೊಡಕು ನಮಗೆ ಮಾತ್ರ ಬಂದದ್ದಲ್ಲ. ಪ್ರಾಚೀನ ಈಜಿಪ್ಟಿನವರು 365 ದಿನಗಳ ವರ್ಷವನ್ನು ಅಧಿಕ ದಿನವಿಲ್ಲದೆ ನಡೆಸಿದ್ದರಿಂದ, ನೈಲ್ ನದಿಯ ನೆರೆಯೊಂದಿಗೆ ಹೊಂದಿಕೊಂಡಿದ್ದ ಹೊಸ ವರ್ಷವು ನಾಲ್ಕು ವರ್ಷಕ್ಕೊಂದು ದಿನದಂತೆ ಜಾರಿ ಎಲ್ಲ ಋತುಗಳನ್ನೂ ಸುತ್ತುತ್ತಿತ್ತು. ಈಸ್ಟರ್ ಹಬ್ಬ ವಸಂತದ ಸಮಹಗಲಿರುಳಿನಿಂದ ದೂರವಾಗುತ್ತಿದೆಯೆಂದು ಪೋಪ್ 13ನೆಯ ಗ್ರೆಗೊರಿ 1582ರಲ್ಲಿ ಅಕ್ಟೋಬರ್ 4ರ ಮರುದಿನವನ್ನೇ 15 ಎಂದು ಎಣಿಸುವಂತೆ ಮಾಡಿದರು. ಯಹೂದ್ಯರು 19 ವರ್ಷಗಳಲ್ಲಿ ಏಳು ಅಧಿಕ ಮಾಸಗಳನ್ನು ಸೇರಿಸಿ ಪಾಸೋವರ್ ಹಬ್ಬವನ್ನು ವಸಂತದಲ್ಲಿಯೇ ಉಳಿಸಿಕೊಂಡಿದ್ದಾರೆ. ಯುಗಾದಿಯನ್ನು ಕಾಯುವ ನಮ್ಮ ಅಧಿಕಮಾಸದ ಲೆಕ್ಕವೂ ಹೆಚ್ಚುಕಡಿಮೆ ಇಷ್ಟೇ. ಇರಾನಿನ ಹೊಸ ವರ್ಷದ ಹಬ್ಬವಾದ ನೌರೋಜ್ ನೇರವಾಗಿ ಸಮಹಗಲಿರುಳಿಗೇ ಅಂಟಿಕೊಂಡಿದೆ. ಇಸ್ಲಾಮಿನಲ್ಲಿ ಮಾತ್ರ ಅಧಿಕಮಾಸವೇ ಇಲ್ಲ. ಅಲ್ಲಿ ಚಂದ್ರನೇ ಪ್ರಮಾಣವಾದ್ದರಿಂದ, 2016ರಲ್ಲಿ ಜೂನ್ ತಿಂಗಳಿನಲ್ಲಿದ್ದ ರಂಜಾನ್ ಉಪವಾಸ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತ ಬಂದು, 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಹೀಗೆ ಎರಡು ಸಲ ಆರಂಭವಾಗಲಿದೆ.

ನಮ್ಮ ದೇಶದಲ್ಲಿಯೂ ಈ ಬಗ್ಗೆ ಗಂಭೀರವಾದ ಕೆಲಸ ನಡೆದಿದೆ. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಿಂದ ಜಾರಿಗೆ ಬಂದರೂ ಅದು ಸರ್ಕಾರಿ ಕಾಗದಗಳಲ್ಲಿ ಉಳಿಯಿತೇ ಹೊರತು ಮನೆಯ ಗೋಡೆಗೆ ಬರಲಿಲ್ಲ.

ಹಬ್ಬದ ದಿನವನ್ನು ಬದಲಿಸಬೇಕೆಂದು ನಾನು ಕೇಳುತ್ತಿಲ್ಲ. ರಾಗಿ ಕೊಯ್ದು, ಕಣದ ಕೆಲಸ ನಡೆಯುವ, ಅವರೆಕಾಯಿಯ ಸೊಗಡು ಬೀದಿಯಲ್ಲೆಲ್ಲ ಹರಡಿರುವ, ದನಗಳ ಮೈ ತೊಳೆದು ಸಂಜೆ ಕಿಚ್ಚು ಹಾಯಿಸುವ ಈ ಹಬ್ಬ ನಮ್ಮ ಸೀಮೆಗೆ ಬಹಳ ಹತ್ತಿರದ್ದು. ಆದರೆ ಇದೇ ಜಾರುವಿಕೆ ನಮ್ಮ ಮಳೆ ನಕ್ಷತ್ರಗಳಿಗೂ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ರೋಹಿಣಿ, ಆರಿದ್ರಾ ಎಂದು ಎಣಿಸಿ ಬಿತ್ತನೆಗೆ ಕಾಯುವ ರೈತರಿಗೆ, ಗಾದೆಗಳು ಹುಟ್ಟಿದ ಕಾಲದ ಆರಿದ್ರೆಗೂ ಇಂದಿನ ಆರಿದ್ರೆಗೂ ಋತುವಿನಲ್ಲಿ ಅಂತರವಿದೆಯೆಂಬುದು ತಿಳಿದಿರಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಸಂಕ್ರಾಂತಿಯ ದಿನ ಸೂರ್ಯ ಮಕರ ರಾಶಿಯನ್ನು ಪ್ರವೇಶಿಸಿದನೆಂದು ಮಾತ್ರ ಬರೆಯಿರಿ. ಬರುವ ಡಿಸೆಂಬರ್ ಮೂರನೆಯ ವಾರದಲ್ಲಿ, ಉತ್ತರಾಯಣ ಯಾವ ದಿನ, ಎಷ್ಟು ಗಂಟೆಗೆ ಆರಂಭವಾಗುತ್ತದೆಂಬುದನ್ನು ಕೋಲಿನ ನೆರಳನ್ನು ಅಳೆಯುವ ಕ್ರಮದೊಂದಿಗೆ ಮಕ್ಕಳ ಪುಟದಲ್ಲಿ ಪ್ರಕಟಿಸಿ. ಅದನ್ನು ಒಂದೆರಡು ದಿನ ಮೊದಲೇ ಪ್ರಕಟಿಸಿದರೆ ಶಾಲೆಗಳಲ್ಲಿ ಕೋಲು ನೆಡಲು ಸಮಯ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಮುಳಬಾಗಿಲು, ಕೋಲಾರ ಜಿಲ್ಲೆ