ಕಲಂಗುಟ್ ರಸ್ತೆಗೆ ಉಸಿರಾಡಲು ಬಿಡಿ

ಮಾನ್ಯರೇ,

ವಾರಾಂತ್ಯ ಬಂದರೆ ಸಾಕು, ಉತ್ತರ ಗೋವಾದ ಕಲಂಗುಟ್–ಬಾಗಾ ರಸ್ತೆಯಲ್ಲಿ ವಾಹನಗಳು ತೆವಳತೊಡಗುತ್ತವೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಂತೂ ಮಾಪುಸಾದಿಂದ ಸುಮಾರು 10 ಕಿ.ಮೀ. ದೂರದ ಕಡಲತೀರ ತಲುಪುವುದೇ ದೊಡ್ಡ ಪ್ರಯಾಸ.

ಪ್ರವಾಸಿಗರಿಗೆ ಇದು ಎರಡು ದಿನದ ಕಿರಿಕಿರಿ. ಆದರೆ ಇಲ್ಲಿನ ಹೋಟೆಲ್, ಅಂಗಡಿ, ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವ ವಿಜಯಪುರ, ಗದಗ, ಕೊಪ್ಪಳ ಕಡೆಯ ನಮ್ಮ ಜನ ಬಸ್ಸನ್ನೇ ನಂಬಿದವರು. ಬಸ್ಸು ನಿಂತಲ್ಲೇ ನಿಂತರೆ ಅವರ ದಿನದ ಕೂಲಿಗೇ ಕತ್ತರಿ ಬೀಳುತ್ತದೆ. ಸಾಲಿನ ನಡುವೆ ಸಿಕ್ಕಿಬಿದ್ದ ಆಂಬುಲೆನ್ಸ್‌ನ ಕೂಗು ಕೇಳಿದಾಗ ಕರುಳು ಹಿಂಡಿದಂತಾಗುತ್ತದೆ.

ರಸ್ತೆ ಅಗಲಗೊಳಿಸುವುದೇ ಪರಿಹಾರ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಕ್ಕೆಲಗಳಲ್ಲಿ ಹಳೆಯ ಮನೆಗಳಿವೆ, ತೆಂಗಿನ ಮರಗಳಿವೆ. ಅವನ್ನು ಕೆಡವಿದರೆ ಜನ ಗೋವಾಕ್ಕೆ ಬರುವುದಾದರೂ ಏಕೆ? ಇರುವ ರಸ್ತೆಯನ್ನೇ ಬದಿಯಲ್ಲಿ ನಿಲ್ಲಿಸಿದ ಕಾರುಗಳು ನುಂಗುತ್ತಿವೆ. ಬೆಳಗಾವಿ, ಹುಬ್ಬಳ್ಳಿಯಿಂದ ಚೋರ್ಲಾ, ಅನಮೋಡ ಘಾಟ್ ಇಳಿದು ಬರುವ ನಮ್ಮವರ ಕಾರುಗಳೂ ಅವುಗಳಲ್ಲಿವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ರಜಾದಿನಗಳಲ್ಲಿ ಹೊರಗಿನ ಕಾರುಗಳನ್ನು ಮಾಪುಸಾ, ಪರ್ವರಿಗಳಲ್ಲೇ ನಿಲ್ಲಿಸಲು ವಿಶಾಲ ತಾಣಗಳನ್ನು ಗುರುತಿಸಲಿ. ಅಲ್ಲಿಂದ ಗೋವಾ ಸರ್ಕಾರದ ಕದಂಬ ಸಾರಿಗೆ ನಿಗಮವು 10 ನಿಮಿಷಕ್ಕೊಂದರಂತೆ ತಡರಾತ್ರಿಯವರೆಗೂ ಸಣ್ಣ ಬಸ್‌ಗಳನ್ನು ಓಡಿಸಲಿ. ನಿಲುಗಡೆ ಶುಲ್ಕದ ಹಣವನ್ನು ಇದಕ್ಕೇ ಬಳಸಬಹುದು. ಸೂಚನಾ ಫಲಕಗಳು ಕನ್ನಡದಲ್ಲಿಯೂ ಇರಲಿ.

– ಓದುಗ, ಮಾಪುಸಾ, ಗೋವಾ