ತಾಳಗುಂದದ ಕಂಬ ಇರುವುದು ಕೆರೆಗಾಗಿ

ಮಾನ್ಯ ಸಂಪಾದಕರೇ,

ತಾಳಗುಂದದ ಹೆಸರು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಎರಡೇ ಮಾತು: ಒಂದು ಕದಂಬ ವಂಶದ ಮೊದಲ ದೊರೆ ಮಯೂರಶರ್ಮ, ಇನ್ನೊಂದು ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದೆಂಬ ಚರ್ಚೆ. ಇಲ್ಲಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ (ಮೆಟ್ಟಿಲ ಪಕ್ಕದ ಸಿಂಹದ ಕೈಪಿಡಿಗಲ್ಲಿನ) ಶಾಸನ ಕ್ರಿ.ಶ. 370ರದೆಂದು ಪುರಾತತ್ವ ಇಲಾಖೆ ಗುರುತಿಸಿದ ಮೇಲಂತೂ ಹಲ್ಮಿಡಿ ಮೊದಲೋ ತಾಳಗುಂದ ಮೊದಲೋ ಎಂಬ ವಾದ ನಿಂತಿಲ್ಲ. ಈ ಹೋಬಳಿಯ ರೈತನಾದ ನನಗೂ ಇವೆರಡರ ಬಗ್ಗೆ ಅಭಿಮಾನವಿದೆ. ಆದರೆ ಪ್ರಣವೇಶ್ವರ ದೇಗುಲದ ಮುಂದಿನ ಕಂಬವನ್ನು ಯಾಕೆ ಕೆತ್ತಿಸಿದರು ಎಂಬುದರ ಬಗ್ಗೆ ಒಂದು ಸಾಲು ಓದಲು ಸಿಗುವುದೂ ಅಪರೂಪ.

ಅದನ್ನು ಕೆತ್ತಿಸಿದ್ದು ಒಂದು ಕೆರೆಗಾಗಿ.

ಎಂಟು ಮುಖದ ಆ ಕಂಬದ ಮೇಲೆ ಅಕ್ಷರಗಳು ಬುಡದಿಂದ ಮೇಲಕ್ಕೆ ಸಾಗುತ್ತವೆ. ಭಾಷೆ ಸಂಸ್ಕೃತ, ಕವಿಯ ಹೆಸರು ಕುಬ್ಜ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿದ್ದಾನೆ. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾದದ್ದು, ದರ್ಭೆ, ಸಮಿತ್ತು ಹಿಡಿದು ಪಳಗಿದ ಕೈ ಕತ್ತಿ ಹಿರಿದದ್ದು ಎಲ್ಲವೂ ಅದರಲ್ಲಿದೆ. ಪಾಠಪುಸ್ತಕಗಳು ಅಲ್ಲಿಗೇ ನಿಲ್ಲುತ್ತವೆ. ಕುಬ್ಜ ಮಾತ್ರ ಮುಂದೆ ಹೋಗುತ್ತಾನೆ. ಹಿಂದಿನ ಅರಸ ಶಾತಕರ್ಣಿ ಮೊದಲಾದವರು ಪೂಜಿಸಿದ ಶಿವಾಲಯದ ಸಮೀಪ ಕದಂಬ ದೊರೆ ಕಾಕುಸ್ಥವರ್ಮ ದೊಡ್ಡ ಕೆರೆಯನ್ನು ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಅದು ಕಾವ್ಯವಾಗಿ ಕಂಬಕ್ಕೇರಿತು. ಕದಂಬರ ವಂಶಾವಳಿಯೆಲ್ಲ ಆ ಕೆರೆಗೆ ಬರೆದ ಪೀಠಿಕೆ ಎಂದೇ ನಾನು ಓದಿಕೊಂಡಿದ್ದೇನೆ.

ನಮ್ಮ ನೆಲವನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ. ಅತ್ತ ಪೂರ್ತಿ ಮಲೆನಾಡಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಬನವಾಸಿಗೆ ವರದಾ ನದಿಯಿದೆ, ಶಿಕಾರಿಪುರಕ್ಕೆ ಕುಮುದ್ವತಿಯಿದೆ. ಶಿರಾಳಕೊಪ್ಪ, ಬಳ್ಳಿಗಾವಿ, ತಾಳಗುಂದದ ಈ ಭಾಗದಲ್ಲಿ ಮುಂಗಾರಿನ ನೀರನ್ನು ತಗ್ಗಿನಲ್ಲಿ ತಡೆದು ನಿಲ್ಲಿಸಿದರಷ್ಟೇ ಭತ್ತ. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಕೂಡ ಇದೇ ಕೆರೆಗಳ ನಾಡಿನವು. ಈಗ ಗದ್ದೆಗಳಲ್ಲಿ ಅಡಿಕೆ ಎದ್ದಿದೆ, ಕೊಳವೆಬಾವಿಗಳು ಬಂದಿವೆ. ಕೋಡಿ ಹರಿಯಿತೇ ಎಂದು ಕೇಳುವವರು ಕಡಿಮೆಯಾಗಿದ್ದಾರೆ. ನನಗೆ ಚಿಂತೆಯಾಗಿರುವುದು ಅದೇ. ಕೇಳುವವರಿಲ್ಲದ ಕೆರೆಯ ಅಂಚು ವರ್ಷಕ್ಕಿಷ್ಟು ಒಳಗೆ ಸರಿಯುತ್ತದೆ.

ಪ್ರವಾಸಕ್ಕೆ ಬರುವ ಶಾಲಾ ಮಕ್ಕಳು ಕಂಬದ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಅವರನ್ನು ನೀರಿನವರೆಗೂ ನಡೆಸಿಕೊಂಡು ಹೋಗಿ. ಕೆರೆಯನ್ನು ಹೇಳುವ ಶ್ಲೋಕಗಳ ಅರ್ಥವನ್ನು ಸರಳ ಕನ್ನಡದಲ್ಲಿ ಬರೆಸಿ ದೇಗುಲದ ಬಳಿ ಹಾಕಿದರೆ ಕಂಬ ನೋಡಲು ಬಂದವರಿಗೂ ದಾರಿ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಶಾಸನತಜ್ಞರೂ ಭೂಮಾಪಕರೂ ಊರಿನ ಹಿರಿಯರನ್ನು ಕರೆದುಕೊಂಡು, ಕಾಕುಸ್ಥವರ್ಮನ ಕೆರೆಯ ಏರಿ, ತೂಬು, ಕೋಡಿ ಎಲ್ಲೆಲ್ಲಿದ್ದವೆಂದು ಒಟ್ಟಿಗೆ ಹುಡುಕಿ ನಕ್ಷೆ ಮಾಡಬೇಕು, ಗಡಿಕಲ್ಲು ನೆಡಬೇಕು. ಬೇಸಿಗೆಯಲ್ಲಿ ನೀರು ಇಳಿದಿರುವಾಗಲೇ ಈ ಕೆಲಸ ಆಗಬೇಕು. ಜೂನ್ ಮಳೆ ಹಿಡಿದ ಮೇಲೆ ಆ ಕೆಸರಿನಲ್ಲಿ ಸರಪಳಿ ಎಳೆಯಲು ಯಾರೂ ಇಳಿಯುವುದಿಲ್ಲ.

– ಒಬ್ಬ ರೈತ, ತಾಳಗುಂದ ಹೋಬಳಿ, ಶಿಕಾರಿಪುರ ತಾಲ್ಲೂಕು